ರಾಷ್ಟ್ರಪತಿಗೆ ನಾವೇಕೆ ವೋಟು ಹಾಕುವುದಿಲ್ಲ?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯರನ್ನು ಕೂಡ ನಾವೇ ಆರಿಸುತ್ತೇವೆ. ದೇಶದ ಮೊದಲ ಪ್ರಜೆಯನ್ನು ಮಾತ್ರ ಏಕಿಲ್ಲ?

ಉತ್ತರ: ಈ ಮಾತು ಸಂವಿಧಾನ ಸಭೆಯಲ್ಲೇ ಎದ್ದಿತ್ತು. ಜನರೇ ನೇರವಾಗಿ ಆರಿಸಲಿ ಎಂದು ಸಭೆಯ ಸದಸ್ಯ ಕೆ.ಟಿ. ಶಾ ವಾದಿಸಿದರು, ಸಭೆ ಒಪ್ಪಲಿಲ್ಲ. ನಮ್ಮಲ್ಲಿ ಆಡಳಿತ ನಡೆಸುವುದು ಮಂತ್ರಿಮಂಡಲ. ಇಡೀ ದೇಶದ ವೋಟು ಗೆದ್ದು ಬಂದವರನ್ನು ಸಹಿ ಹಾಕಲಷ್ಟೇ ಕೂರಿಸಿದರೆ ಅವರು ಸುಮ್ಮನಿರುತ್ತಾರೆಯೇ? ಪ್ರಧಾನಿಗೂ ಅವರಿಗೂ ದಿನಾ ಜಟಾಪಟಿ. ನನಗಂತೂ ಈಗಿನ ಪದ್ಧತಿಯೇ ಸರಿ ಅನ್ನಿಸುತ್ತದೆ.

ಹಾಗಂತ ನಿಮ್ಮ ಪಾಲು ಅಲ್ಲಿ ಇಲ್ಲವೆಂದಲ್ಲ. ರಾಷ್ಟ್ರಪತಿಯನ್ನು ಆರಿಸುವವರು ನೀವೇ ಆರಿಸಿದ ಸಂಸದರು ಮತ್ತು ಶಾಸಕರು. ಕರ್ನಾಟಕದ ಶಾಸಕರ ಒಂದು ಮತದ ಮೌಲ್ಯ 131. ಲೆಕ್ಕ ಹೀಗೆ: 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿ. ಉತ್ತರ ಪ್ರದೇಶದ ಶಾಸಕರದು 208, ಸಿಕ್ಕಿಂನವರದು ಬರೀ 7! ಐವತ್ತು ವರ್ಷ ಹಳೆಯ ಅಂಕಿ ಯಾಕೆಂದರೆ, ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ಅದೇ ಶಿಕ್ಷೆಯಾಗಬಾರದಲ್ಲ. ವಿಧಾನ ಪರಿಷತ್ತಿನವರಿಗೆ, ನಾಮಕರಣಗೊಂಡವರಿಗೆ ಇಲ್ಲಿ ಮತವಿಲ್ಲ.

ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ ಬಣ್ಣದ್ದು. ಮತಯಂತ್ರವಿಲ್ಲ, ಚುನಾವಣಾ ಆಯೋಗ ಕೊಟ್ಟ ಪೆನ್ನಿನಲ್ಲೇ ಅಭ್ಯರ್ಥಿಗಳ ಮುಂದೆ 1, 2 ಎಂದು ಆದ್ಯತೆ ಬರೆಯಬೇಕು. 2022ರಲ್ಲಿ ದೆಹಲಿಯಿಂದ ರಾಜ್ಯಗಳಿಗೆ ಹೊರಟ ಮತಪೆಟ್ಟಿಗೆಗೂ ವಿಮಾನದಲ್ಲಿ ಒಂದು ಸೀಟು ಕಾಯ್ದಿರಿಸಿದ್ದರು. ಟಿಕೆಟ್ಟಿನಲ್ಲಿದ್ದ ಹೆಸರು: ‘ಮಿಸ್ಟರ್ ಬ್ಯಾಲಟ್ ಬಾಕ್ಸ್’.