ಕೂಸಿನ ಕೌದಿ

ಅಂಗಡಿಯ ಕಂಬಳಿಯೂ ಕೂಸನ್ನು ಬೆಚ್ಚಗಿಡಬಲ್ಲುದು; ಆದರೆ ಮನೆತನದ ನೆನಪು ಅದರಲ್ಲಿರದು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಕೈಯಿಂದ ಹೊಲಿದು ಕೌದಿ ಮಾಡುವರು. ಎಷ್ಟೋ ಸಲ ಒಗೆದ ನೂಲಿನ ಬಟ್ಟೆಯು ಮೆದುವಾಗಿ ಎಳೆಯ ಮೈಗೆ ಹಿತವಾಗಿರುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿದು, ಮೂಲೆಗಳಿಗೆ ಬಟ್ಟೆಯ ಹೂಗಳನ್ನು ಕೂಡಿಸುವರು.

“ಈ ಕೆಂಪು ತುಂಡು ನಿನ್ನ ಮುತ್ತಜ್ಜಿಯ ಇಳಕಲ್ಲ ಸೀರೆಯ ಸೆರಗು” ಎಂದು ಅಜ್ಜಿ ತೋರಿಸಿದಾಗ, ತಾನು ಕಾಣದ ಹಿರಿಯಳನ್ನು ಮಗು ಬೆರಳಿನಿಂದ ಮುಟ್ಟಿ ಅರಿಯುವುದು. ಹೊಲಿದ ಕೈ ಹೋದ ಮೇಲೆ ಯಾವ ತುಂಡು ಯಾರದೆಂದು ಹೇಳುವವರಿಲ್ಲ. ಆದುದರಿಂದ ಹಳೆಯ ಸೀರೆಗಳನ್ನು ಪಾತ್ರೆಯವನಿಗೆ ಕೊಟ್ಟುಬಿಡುವ ಮುನ್ನ, ಹಿರಿಯರು ಇರುವಾಗಲೇ ಅವರೊಡನೆ ಹೊಲಿಗೆಗೆ ಕುಳಿತು, ತುಂಡುತುಂಡಿನ ಕಥೆಯನ್ನೂ ಕೇಳಿಕೊಳ್ಳಬೇಕೆಂದು ಸೋದರಿಯರಲ್ಲಿ ನಮ್ಮ ಬಿನ್ನಹ.