ನಡುದನಿಯ ಸ್ಪೀಕರು ಮತ್ತು ಅಜ್ಜಿಯ ಳಕಾರ

“ಅಂಕಲ್, ಮನೆಯಲ್ಲೇ ಸ್ಪೀಕರ್ ಮಾಡ್ತಾ ಇದ್ದೇವೆ. ವೂಫರ್ ತಂದಾಯಿತು, ಟ್ವೀಟರ್ ತಂದಾಯಿತು. ಮಿಡ್‌ರೇಂಜ್ ಯಾವುದಾದರೂ ನಡೀತದಾ?”

ಸಂಘದ ಯುಗಾದಿ ಕಾರ್ಯಕ್ರಮದ ದಿನ ಸಭಾಗೃಹದ ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದಾಗ ಇಬ್ಬರು ತರುಣರು ನನ್ನನ್ನು ಕೇಳಿದ ಪ್ರಶ್ನೆ ಇದು. ಇಬ್ಬರೂ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಇಂದಿನ ದಿನಗಳಲ್ಲಿ ಕೈಯಾರೆ ಪ್ಲೈವುಡ್ ಕೊಯ್ದು, ಬೆಸುಗೆ ಹಾಕಿ ಸ್ಪೀಕರ್ ಮಾಡಲು ಹೊರಟವರನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಆದರೆ “ಯಾವುದಾದರೂ ನಡೀತದಾ” ಎಂಬ ಮಾತು ಕೇಳಿ ಎದೆ ಧಸಕ್ಕೆಂದಿತು. ಏಕೆಂದರೆ 1991ರಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಂದು ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಇಡೀ ಶನಿವಾರ ಅಲೆದು 10 ಅಂಗುಲದ ವೂಫರ್, 5 ಅಂಗುಲದ ಮಿಡ್‌ರೇಂಜ್ ಮತ್ತು ಒಂದು ಪುಟ್ಟ ಟ್ವೀಟರನ್ನು ಜೋಡಿ ಜೋಡಿಯಾಗಿ ಕೊಂಡು ತಂದೆ. ಮಿಡ್‌ರೇಂಜನ್ನು ಆರಿಸಿದ್ದು ಎರಡೇ ಕಾರಣಕ್ಕೆ: ಅದರ ಅಂಚು ಮಿರಿಮಿರಿ ಮಿಂಚುತ್ತಿತ್ತು, ಹಿಂದಿನ ಚೀಟಿಯಲ್ಲಿ ‘100 ವಾಟ್’ ಎಂದು ಬರೆದಿತ್ತು. ಮೂರು ವಾರ ದುಡಿದು ಪೆಟ್ಟಿಗೆ ಕಟ್ಟಿದೆ. ಸಿನಿಮಾ ಹಾಡು ಹಾಕಿದಾಗ ಕಿಟಕಿಯ ಗಾಜು ನಡುಗಿತು. ಕೆಳಗಿನ ಮನೆಯವರು ಮೇಲೆ ಬಂದರು. ನನಗೆ ಪರಮಾನಂದ!

ಆಮೇಲೆ ಅಮ್ಮನಿಗೆಂದು ಅಜ್ಜಿಯ ಕ್ಯಾಸೆಟ್ ಹಾಕಿದೆ. ಕುಮಟಾದ ನಮ್ಮ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. 1986ರ ಬೇಸಗೆ ರಜೆಯಲ್ಲಿ ಆಕೆ ಮೊಮ್ಮಕ್ಕಳಿಗೆ ಹೇಳಿದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಮಾವ ಟೇಪಿನಲ್ಲಿ ಹಿಡಿದಿದ್ದರು. ಆಕೆಯ ಧ್ವನಿ ಅಂತ ನಮ್ಮಲ್ಲಿ ಉಳಿದದ್ದು ಅದೊಂದೇ. ಅಮ್ಮ ಅಡಿಗೆಮನೆಯಿಂದ ಬಂದು ಐದು ನಿಮಿಷ ಕೇಳಿದಳು. ಮುಖ ಸಪ್ಪೆಯಾಯಿತು. “ಇದು ನನ್ನ ಅಮ್ಮ ಅಲ್ಲ ಮಾರಾಯ. ಯಾರೋ ಮಡಕೆಯೊಳಗೆ ಕೂತು ಮಾತಾಡಿದ ಹಾಗಿದೆ” ಎಂದು ಒಳಗೆ ಹೋದಳು. ನನ್ನ ಪುಟ್ಟ ತಂಗಿ ಇನ್ನೊಂದು ಬಾಣ ಬಿಟ್ಟಳು: “ಅಣ್ಣಾ, ‘ಮಲೆ’ ಬಂತು ಅಂದ್ರೆ ಏನು?”

ಅಜ್ಜಿ ಹೇಳಿದ್ದು ‘ಮಳೆ ಬಂತು’ ಎಂದು. ನನ್ನ ಸ್ಪೀಕರು ಅಜ್ಜಿಯ ಳಕಾರವನ್ನೇ ನುಂಗಿತ್ತು!

ಮಾತು ಇರುವುದು ಎಲ್ಲಿ?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಬಲ್ಲದು. ಆದರೆ ಹಳೆಯ ಟೆಲಿಫೋನು ಕೇವಲ 300ರಿಂದ 3,400 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ ಸಾಗಿಸಿಯೂ ನಮ್ಮೆಲ್ಲರ ಸಂಸಾರದ ಸುಖದುಃಖಗಳನ್ನು ಹೊತ್ತು ತಂದಿತು. ಅಂದರೆ ಮಾತಿನ ಸತ್ವ ಬಹುಪಾಲು ಈ ನಡುವಿನ ಪಟ್ಟಿಯಲ್ಲಿದೆ. ‘ಆ’ ಮತ್ತು ‘ಈ’ ಸ್ವರಗಳ ವ್ಯತ್ಯಾಸ ಹುಟ್ಟುವುದು ಇಲ್ಲಿ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ‘ಳ’ ಎಂದಾಗ, ‘ಲ’ಕಾರದಲ್ಲಿ ಮೇಲೆ ಇದ್ದ ಒಂದು ಅನುರಣನ ಕೆಳಕ್ಕೆ ಇಳಿಯುತ್ತದೆ. ಈ ಏರಿಳಿತ ನಡೆಯುವುದು ಸರಿಸುಮಾರು 1,500ರಿಂದ 3,000 ಹರ್ಟ್ಸ್‌ಗಳ ನಡುವೆ. ಹಾಲು-ಹಾಳು, ಮಲೆ-ಮಳೆ, ಕೊಲೆ-ಕೊಳೆ ಇವುಗಳ ಭೇದವೆಲ್ಲ ಆ ಸಣ್ಣ ಜಾಗದಲ್ಲಿದೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಕೂಡ 2,000ದಿಂದ 5,000 ಹರ್ಟ್ಸ್‌ವರೆಗೆ. ಆದುದರಿಂದ ವೂಫರಿನ ತಪ್ಪನ್ನು ಕಿವಿ ಕ್ಷಮಿಸೀತು, ಮಿಡ್‌ರೇಂಜಿನ ತಪ್ಪನ್ನು ಕ್ಷಮಿಸದು.

ನಾನು ಮಾಡಿದ ತಪ್ಪುಗಳು

ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು ನನ್ನ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ನಕ್ಕರು.

ಮೊದಲನೆಯದಾಗಿ, ಮಿಡ್‌ರೇಂಜಿಗೆ ನಾನು ಹಾಕಿದ್ದು 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ಲೆಕ್ಕ ಸುಲಭ: 1,59,155ನ್ನು ಆವೃತ್ತಿಯಿಂದಲೂ ಓಮ್‌ನಿಂದಲೂ ಭಾಗಿಸಿದರೆ ಬೇಕಾದ ಮೈಕ್ರೋಫ್ಯಾರಡ್ ಸಿಗುತ್ತದೆ. 8 ಓಮ್ ಸ್ಪೀಕರಿಗೆ 10 ಮೈಕ್ರೋಫ್ಯಾರಡ್ ಎಂದರೆ ಸುಮಾರು 2,000 ಹರ್ಟ್ಸ್. ಅದರ ಕೆಳಗಿನ ಮಾತನ್ನೆಲ್ಲ ನಾನು ವೂಫರಿನ ತಲೆಗೆ ಕಟ್ಟಿದ್ದೆ. 500 ಹರ್ಟ್ಸ್‌ನಿಂದ ಮಿಡ್‌ರೇಂಜ್ ದುಡಿಯಬೇಕಾದರೆ ಸುಮಾರು 40 ಮೈಕ್ರೋಫ್ಯಾರಡ್ ಬೇಕಿತ್ತು; ವೂಫರನ್ನು ಅಲ್ಲಿಗೇ ತಡೆಯಲು ಸುಮಾರು 2.5 ಮಿಲಿಹೆನ್ರಿಯ ಸುರುಳಿ ಬೇಕಿತ್ತು.

ಎರಡನೆಯದಾಗಿ, ಮಿಡ್‌ರೇಂಜನ್ನು ವೂಫರಿನ ಪೆಟ್ಟಿಗೆಯಲ್ಲೇ ಕೂಡಿಸಿದ್ದೆ. ಅದು ಹಿಂಬದಿ ತೆರೆದಿದ್ದ ನಮೂನೆ. ವೂಫರ್ ಹೊರಗೆ-ಒಳಗೆ ಹೋದಾಗಲೆಲ್ಲ ಪೆಟ್ಟಿಗೆಯ ಗಾಳಿ ಮಿಡ್‌ರೇಂಜಿನ ಹಗುರ ಕೋನನ್ನು ಹಿಂದಿನಿಂದ ಗುದ್ದುತ್ತಿತ್ತು. ಮಡಕೆಯ ಧ್ವನಿಯಲ್ಲಿ ಇದರ ಪಾಲೂ ಇತ್ತು. ಹಿಂಬದಿ ಮುಚ್ಚಿದ ನಮೂನೆಗಳಿಗೆ ಈ ತಾಪತ್ರಯವಿಲ್ಲ. ತೆರೆದದ್ದಾದರೆ ಅದಕ್ಕೆ ಬೇರೆಯೇ ಕೋಣೆ ಕಟ್ಟಬೇಕು.

ಮೂರನೆಯದಾಗಿ, ‘100 ವಾಟ್’ ನೋಡಿ ಕೊಂಡದ್ದು. ಆ ಕಾಲದಲ್ಲಿ ಟೇಪ್‌ರೆಕಾರ್ಡರುಗಳ ಮೇಲೆ ಸಾವಿರಾರು ಪಿ.ಎಂ.ಪಿ.ಓ. ವಾಟ್ ಎಂದು ಬರೆಯುತ್ತಿದ್ದರು. ಅದಕ್ಕೆ ಯಾವ ಒಪ್ಪಿತ ಅಳತೆಗೋಲೂ ಇರಲಿಲ್ಲ. ವಾಟ್ ಎಂದರೆ ಸ್ಪೀಕರ್ ಎಷ್ಟು ಪೆಟ್ಟು ತಾಳೀತು ಎಂಬುದರ ಗುರುತು, ಎಷ್ಟು ಚೆನ್ನಾಗಿ ಹಾಡೀತು ಎಂಬುದರದ್ದಲ್ಲ.

ಕೊಳ್ಳುವಾಗ ಏನನ್ನು ನೋಡಬೇಕು?

ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡು, ಚೆನ್ನೈಯವರಿಗೆ ರಿಚಿ ಸ್ಟ್ರೀಟು, ಪುಣೆಯವರಿಗೆ ಬುಧವಾರ ಪೇಟೆ, ದೆಹಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್ಟು, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡು. ಈಗ ಮನೆಯಲ್ಲೇ ಕೂತು ತರಿಸಿಕೊಳ್ಳಲೂಬಹುದು. ಎಲ್ಲಿ ಕೊಂಡರೂ ಮೊದಲು ಅದರ ವಿವರಪತ್ರವನ್ನು ಕೇಳಿ, ಓದಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿದ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಬೆಳೆಸಿದ ಕೆಲಸದಿಂದಾಗಿ ಕೆಲವೇ ಅಂಕಿಗಳಿಂದ ಸ್ಪೀಕರಿನ ನಡತೆಯನ್ನು ಮೊದಲೇ ಊಹಿಸಬಹುದು.

ಗಾತ್ರ: ಶಬ್ದದ ಅಲೆಯ ಉದ್ದ ಕೋನಿನ ವ್ಯಾಸದಷ್ಟಾದಾಗ ಧ್ವನಿ ಸುತ್ತ ಹರಡುವುದನ್ನು ಬಿಟ್ಟು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಸೇರತೊಡಗುತ್ತದೆ. 10 ಅಂಗುಲದ ವೂಫರಿನಲ್ಲಿ ಕಂಪಿಸುವ ಭಾಗ ಸುಮಾರು 21 ಸೆಂಟಿಮೀಟರ್. ಸುಮಾರು 1,600 ಹರ್ಟ್ಸ್‌ನಲ್ಲೇ ಇದು ನಡೆಯುತ್ತದೆ. 5 ಅಂಗುಲದ್ದರಲ್ಲಿ ಆ ಭಾಗ ಸುಮಾರು 10 ಸೆಂಟಿಮೀಟರ್. ಸುಮಾರು 3,400ರವರೆಗೆ ಚಿಂತೆಯಿಲ್ಲ. 500ರಿಂದ 3,000 ಹರ್ಟ್ಸ್ ಕೆಲಸಕ್ಕೆ 4 ಅಥವಾ 5 ಅಂಗುಲ ಹದವಾದ ಗಾತ್ರ.

ಸ್ವಂತ ಅನುರಣನ: ವಿವರಪತ್ರದಲ್ಲಿ ಇದಕ್ಕೆ ‘ಎಫ್.ಎಸ್.’ ಎಂದಿರುತ್ತದೆ. ಕೋಣೆಯಲ್ಲಿ ಮುಚ್ಚಿದಾಗ ಇದು ಮೇಲೇರುತ್ತದೆ. ಉದಾಹರಣೆಗೆ ಎಫ್.ಎಸ್. 70 ಹರ್ಟ್ಸ್, ‘ವ್ಯಾಸ್’ ಎಂಬ ಅಂಕಿ 6 ಲೀಟರ್, ನಿಮ್ಮ ಕೋಣೆ 3 ಲೀಟರ್ ಎನ್ನಿ. 6ನ್ನು 3ರಿಂದ ಭಾಗಿಸಿ 1 ಕೂಡಿಸಿದರೆ 3. ಅದರ ವರ್ಗಮೂಲ 1.73. ಅನುರಣನ 121 ಹರ್ಟ್ಸ್‌ಗೆ ಏರಿತು. ‘ಕ್ಯೂ.ಟಿ.ಎಸ್.’ ಎಂಬ ಅಂಕಿಯೂ ಅಷ್ಟೇ ಪಟ್ಟು ಏರಿ 0.35 ಇದ್ದದ್ದು 0.61 ಆಗುತ್ತದೆ. ಅದು 0.7ರ ಆಸುಪಾಸು ಅಥವಾ ಕೆಳಗೆ ನಿಂತರೆ ಧ್ವನಿ ಗುಂಯ್‌ಗುಡದು. ಒಂದೇ ಕೆಪಾಸಿಟರಿನ ಸರಳ ಕ್ರಾಸ್‌ಓವರ್ ಹಾಕುವುದಾದರೆ ಈ ಅನುರಣನದ ಸುಮಾರು ನಾಲ್ಕು ಪಟ್ಟು ಮೇಲಿನಿಂದ ಕೆಲಸ ಕೊಡಿ. ಕಡಿದಾದ ಕ್ರಾಸ್‌ಓವರಿಗೆ ಎರಡು ಪಟ್ಟು ಸಾಕು. ಕೋಣೆಯಲ್ಲಿ ಉಣ್ಣೆಯನ್ನೋ ದಿಂಬಿನ ಪಾಲಿಯೆಸ್ಟರ್ ಎಳೆಯನ್ನೋ ಸಡಿಲವಾಗಿ ತುಂಬಲು ಮರೆಯಬೇಡಿ.

ಸೂಕ್ಷ್ಮತೆ: ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಡೆಸಿಬೆಲ್. 3 ಡೆಸಿಬೆಲ್ ಕಮ್ಮಿಯಾದರೆ ಅದೇ ಗಟ್ಟಿತನಕ್ಕೆ ಇಮ್ಮಡಿ ವಾಟ್ ಬೇಕು. ಮಿಡ್‌ರೇಂಜಿನ ಅಂಕಿ ವೂಫರಿನದ್ದಕ್ಕಿಂತ ಒಂದೆರಡು ಡೆಸಿಬೆಲ್ ಹೆಚ್ಚಿದ್ದರೆ ಒಳ್ಳೆಯದು. ಹೆಚ್ಚಾದದ್ದನ್ನು ಎರಡು ರೆಸಿಸ್ಟರ್ ಹಾಕಿ ಇಳಿಸಬಹುದು. ಕಮ್ಮಿಯಾದದ್ದನ್ನು ಏರಿಸಲು ಬಾರದು. ಒಂದು ಎಚ್ಚರಿಕೆ: ಕೆಲವರು ಒಂದು ವಾಟ್ ಎನ್ನದೆ 2.83 ವೋಲ್ಟ್ ಎಂದು ಬರೆಯುತ್ತಾರೆ. 8 ಓಮ್‌ಗೆ ಅದು ಒಂದು ವಾಟ್. 4 ಓಮ್‌ಗೆ ಎರಡು. ಹೋಲಿಸುವಾಗ 3 ಡೆಸಿಬೆಲ್ ಕಳೆಯಿರಿ.

ರೇಖಾಚಿತ್ರ: 500ರಿಂದ 3,000ದ ಕೆಲಸಕ್ಕೆ 250ರಿಂದ 6,000ದವರೆಗೂ ಗೆರೆ ಹೆಚ್ಚು ಏರಿಳಿತವಿಲ್ಲದೆ ಇರಬೇಕು, ಏಕೆಂದರೆ ಕ್ರಾಸ್‌ಓವರ್ ಗೋಡೆಯಲ್ಲ, ಇಳಿಜಾರು. 3,000 ಹರ್ಟ್ಸ್ ಆಸುಪಾಸಿನ ಚೂಪು ಏರು ಇದ್ದರೆ ಧ್ವನಿ ಕರ್ಕಶವಾಗುತ್ತದೆ. ಕಾಗದವೋ ಪಾಲಿಪ್ರೊಪಿಲೀನೋ ಎಂಬ ವಾದಕ್ಕಿಂತ ಈ ಗೆರೆ ಮುಖ್ಯ. 50 ಮಿಲಿಮೀಟರ್ ಗುಮ್ಮಟದ ಮಿಡ್‌ರೇಂಜುಗಳು ಧ್ವನಿಯನ್ನು ಚೆನ್ನಾಗಿ ಹರಡುತ್ತವೆ, ಆದರೆ ಅವುಗಳ ಅನುರಣನ ಮೇಲಿರುವುದರಿಂದ 500 ಹರ್ಟ್ಸ್‌ನಿಂದ ದುಡಿಸಬೇಡಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ: ಮಲ್ಟಿಮೀಟರಿನಲ್ಲಿ 8 ಓಮ್ ಸ್ಪೀಕರ್ ಸಾಮಾನ್ಯವಾಗಿ ಐದೂವರೆಯಿಂದ ಏಳರ ಒಳಗೆ ತೋರಿಸಬೇಕು. ಕೋನನ್ನು ಎರಡೂ ಬದಿಯಲ್ಲಿ ಬೆರಳಿಟ್ಟು ಮೆಲ್ಲಗೆ, ಸಮವಾಗಿ ಒತ್ತಿದಾಗ ಕರಕರ ಸದ್ದು ಬರಬಾರದು. 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಧನಕ್ಕೆ ಧನ ಸೇರಿದರೆ ಕೋನ್ ಮುಂದಕ್ಕೆ ಬರಬೇಕು. ಎರಡನ್ನೂ ಒಂದೇ ನಮೂನೆ ನೋಡಿ ಕೊಳ್ಳಿ. ಕ್ರಾಸ್‌ಓವರಿಗೆ ಧ್ರುವವಿಲ್ಲದ ಕೆಪಾಸಿಟರನ್ನೇ ತನ್ನಿ.

ಕೊನೆಯ ಪರೀಕ್ಷೆ

ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ನಿನ ಎಂಜಿನಿಯರರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ಎಲ್.ಎಸ್.3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು. ಅದರಲ್ಲಿ ಇದ್ದದ್ದು ಕೆ.ಇ.ಎಫ್. ಕಂಪನಿಯ 5 ಅಂಗುಲದ ಬಿ110. ಸುಮಾರು 3,000 ಹರ್ಟ್ಸ್‌ವರೆಗಿನ ಮಾತನ್ನೆಲ್ಲ ಆ ಒಂದೇ ಕೋನ್ ಆಡುತ್ತಿತ್ತು. ಎದೆ ನಡುಗಿಸುವ ಮಂದ್ರ ಅದರಲ್ಲಿಲ್ಲ. ಆದರೂ ಮಾತಿನ ಸಹಜತೆಗಾಗಿ ಅದನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಉಪಕರಣಗಳಿಂದ ಅಳೆದ ಮೇಲೂ ಅಲ್ಲಿನವರು ಪರಿಚಿತ ಮನುಷ್ಯನ ಮಾತನ್ನು ಎದುರಿಗೆ ಕೇಳಿ, ಅದನ್ನೇ ಸ್ಪೀಕರಿನಲ್ಲಿ ಕೇಳಿ ಹೋಲಿಸುತ್ತಿದ್ದರು.

ಸಂಗೀತವೂ ಒಳ್ಳೆಯ ಪರೀಕ್ಷೆಯೇ. ಮೃದಂಗದ ಕರಣೆಯಿಂದಾಗಿ ಅದರ ಮೇಲುಸ್ವರಗಳು ತಂತಿವಾದ್ಯದಂತೆ ಸುಸ್ವರವಾಗುತ್ತವೆಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಆ ಮೇಲುಸ್ವರಗಳು ಬರುವುದೂ ನಡುಪಟ್ಟಿಗೆ. ಆದರೆ ಹಾಡಿದವರ ಕಂಠವನ್ನು ನೀವು ಎದುರಿಗೆ ಕೇಳಿರಲಿಕ್ಕಿಲ್ಲ. ಮನೆಯವರ ಧ್ವನಿಯನ್ನು ನಿತ್ಯ ಕೇಳಿರುತ್ತೀರಿ.

ನನ್ನ ಕಥೆ ಮುಗಿಸುತ್ತೇನೆ. ಮೂರು ಲೀಟರಿನ ಕೋಣೆ ಕಟ್ಟಿ, ಕೆಪಾಸಿಟರ್ ಬದಲಿಸಿ, ವೂಫರಿಗೆ ಸುರುಳಿ ಸುತ್ತಿದೆ. ‘ಳ’ ತಿರುಗಿ ಬಂತು, ಆದರೆ ಧ್ವನಿಯಲ್ಲಿ ತಗಡಿನ ಕಿರುಚು ಉಳಿಯಿತು. ಆ ಮಿರಿಮಿರಿ ಮಿಡ್‌ರೇಂಜಿನದೇ ದೋಷ. ಒಂದು ವರ್ಷ ಹಣ ಕೂಡಿಸಿ, ಈ ಸಲ ವಿವರಪತ್ರ ಓದಿ, ಕಪ್ಪು ಕಾಗದದ ಕೋನಿನ ಸಾದಾ ಜೋಡಿಯೊಂದನ್ನು ತಂದೆ. ಮತ್ತೆ ಅಜ್ಜಿಯ ಕ್ಯಾಸೆಟ್ ಹಾಕಿದೆ. ಅಮ್ಮ ಈ ಬಾರಿ ಏನೂ ಹೇಳಲಿಲ್ಲ. ಅಡಿಗೆಮನೆಯ ಒಲೆ ಆರಿಸಿ ಬಂದು ಕುರ್ಚಿಯಲ್ಲಿ ಕೂತಳು. ಗುಬ್ಬಕ್ಕ ಬಾಗಿಲು ತೆಗೆಯುವವರೆಗೂ ಎದ್ದು ಹೋಗಲಿಲ್ಲ.

ಆದುದರಿಂದ, ಆ ಇಬ್ಬರು ತರುಣರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಿಡ್‌ರೇಂಜ್ ಕೊಳ್ಳುವ ಮೊದಲು ಈ ರಜೆಯಲ್ಲಿ ಊರಿಗೆ ಹೋಗಿ. ಅಜ್ಜಿಯೋ ಅಜ್ಜನೋ ಇದ್ದರೆ ಒಂದು ಕಥೆ ಹೇಳಿಸಿ, ನಿಮ್ಮ ಫೋನಿನಲ್ಲೇ ಹಿಡಿದುಕೊಳ್ಳಿ. ಫ್ಯಾನ್ ಆರಿಸಿ, ಫೋನನ್ನು ಹತ್ತಿರ ಇಡಿ, ಅವಸರ ಮಾಡಬೇಡಿ. ಹಾಲು, ಹಾಳು, ಮಳೆ, ಬೆಳೆ ಎಲ್ಲ ಬರಲಿ. ಅದೇ ನಿಮ್ಮ ಪರೀಕ್ಷೆಯ ಟೇಪು. ನೀವು ಕಟ್ಟಿದ ಪೆಟ್ಟಿಗೆಯಿಂದ ಆ ಧ್ವನಿ ಹೊರಟಾಗ ಒಳಗಿನ ಕೋಣೆಯಲ್ಲಿದ್ದ ನಿಮ್ಮ ತಾಯಿಯೋ ತಂದೆಯೋ “ಯಾರು ಬಂದದ್ದು?” ಎಂದು ಹೊರಗೆ ಬಂದರೆ, ನಿಮ್ಮ ಆಯ್ಕೆ ಸರಿಯಾಗಿದೆ ಎಂದು ತಿಳಿಯಿರಿ.