ಅನ್ನವಿಟ್ಟ ಕೈಗೆ ಲಸಿಕೆಯ ಹೊಣೆಯೂ ಇದೆ

12ನೆಯ ಶತಮಾನದ ಶರಣರಾದ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ನುಡಿಸಿದರೆಂಬ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಲೋಕವು ಹೀನವೆಂದು ದೂರವಿಟ್ಟ ಪ್ರಾಣಿಯಲ್ಲಿಯೂ ಶಿವಚೈತನ್ಯವನ್ನು ಕಂಡವರು ಶರಣರು. ಆದರೆ ಪ್ರಾಣಿಗೆ ಒಂದು ತುತ್ತು ಅನ್ನವಿಟ್ಟ ಮಾತ್ರಕ್ಕೆ ನಮ್ಮ ದಯೆ ಪೂರ್ಣವಾಯಿತೇ?

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ನಡುವಿನ ಒಂಟಿ ಮನೆಗಳಿಗೆ ನಾಯಿಯೇ ಕಾವಲು. ಹಗಲು ಕಟ್ಟಿ ರಾತ್ರಿ ಬಿಡುವುದು ವಾಡಿಕೆ. ಬಿಟ್ಟ ನಾಯಿಯು ಬೀದಿನಾಯಿಗಳೊಡನೆ ಕಾದಾಡುತ್ತದೆ. ಕಾಡಂಚಿನಲ್ಲಿ ನರಿಯನ್ನು ಅಟ್ಟುತ್ತದೆ. ಹುಚ್ಚು ರೋಗ ತಗುಲಿದ ಪ್ರಾಣಿ ಕಚ್ಚಿದರೆ, ಕಾವಲಿನ ನಾಯಿಯೇ ಮನೆಯ ಮಗುವಿಗೂ ಕೊಟ್ಟಿಗೆಯ ಹಸುವಿಗೂ ಮೃತ್ಯುವನ್ನು ತರಬಲ್ಲದು. ಘಟ್ಟದ ಮೇಲಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರೂ ಇದೇ ಬೀದಿಗಳಲ್ಲಿ ನಡೆಯುವವರು.

ಕಾನೂನಿನ ಮಾತು ಸ್ಪಷ್ಟವಾಗಿದೆ. ಪ್ರಾಣಿ ಸಂತಾನ ನಿಯಂತ್ರಣದ 2023ರ ಕೇಂದ್ರ ನಿಯಮಗಳಂತೆ ಸಾಕುನಾಯಿಗೆ ಲಸಿಕೆ ಹಾಕಿಸುವ ಹೊಣೆ ಒಡೆಯನದು. ಬೀದಿನಾಯಿಯ ಹೊಣೆ ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳದು. ಬೀದಿನಾಯಿಗಳನ್ನು ವಿಷವಿಕ್ಕಿ ಕೊಲ್ಲುವಂತಿಲ್ಲ. ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ನೀಡಿ, ಗುರುತಿಗೆ ಕಿವಿಯಂಚನ್ನು ಕತ್ತರಿಸಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು ಆ ನಿಯಮಗಳ ಕ್ರಮ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಹುಚ್ಚು ಹಿಡಿದ ಹಾಗೂ ಆಕ್ರಮಣಶೀಲ ನಾಯಿಗಳನ್ನು ಹಾಗೆ ಬಿಡಬಾರದೆಂದೂ, ಅನ್ನ ಹಾಕಲು ಬೇರೆ ಸ್ಥಳ ಗೊತ್ತುಮಾಡಬೇಕೆಂದೂ ಆದೇಶಿಸಿತು. ನೂರಕ್ಕೆ 70 ನಾಯಿಗಳಿಗಾದರೂ ಲಸಿಕೆಯಾದರೆ ರೋಗದ ಸರಪಳಿ ಕಡಿಯುವುದೆಂದು ತಜ್ಞರು ಹೇಳುತ್ತಾರೆ.

ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಹಚ್ಚುವ ಅಜ್ಞಾನ ಇನ್ನಾದರೂ ನಿಲ್ಲಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕುತ್ತಿದ್ದ ಕಾಲ ಎಂದೋ ಮುಗಿಯಿತು. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೂ ಬೇರೊಂದು ಮದ್ದು ಕೊಡಬೇಕಾಗುತ್ತದೆ. ರೋಗದ ಲಕ್ಷಣ ಕಂಡ ಮೇಲೆ ಮಾತ್ರ ಬದುಕುವುದು ಅತಿ ದುರ್ಲಭ. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುವುದುಂಟು. ಹೆದರದೆ ಹೇಳುವಂತೆ ತಾಯಂದಿರು ಅವರಿಗೆ ಮೊದಲೇ ತಿಳಿಸಿರಬೇಕು.

ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಲಸಿಕೆ. ಇಷ್ಟೇ ನಮ್ಮ ಕೆಲಸ. ಪ್ರತಿವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಊರಿನ ನಾಯಿಗಳನ್ನೆಲ್ಲ ಪಶು ಆಸ್ಪತ್ರೆಗೆ ಕರೆದೊಯ್ಯುವ ಕಾರ್ಯವನ್ನು ನಮ್ಮ ತರುಣರು ಕೈಗೊಳ್ಳಲಿ. ದಾಸೋಹದಲ್ಲಿ ಉಳಿದ ಅನ್ನವನ್ನು ಬೀದಿಗೆ ಚೆಲ್ಲಿ ನಾಯಿಗಳನ್ನು ಗುಂಪುಗೂಡಿಸುವುದು ದಾಸೋಹವಲ್ಲ. ಅನ್ನವಿಟ್ಟ ಜೀವಕ್ಕೆ ಲಸಿಕೆಯನ್ನೂ ಹಾಕಿಸಿ, ನೆರೆಮನೆಯ ಮಗುವನ್ನು ನಿರ್ಭಯವಾಗಿಸುವುದೇ ನಿಜವಾದ ದಯೆ, ಅದೇ ಕಾಯಕ.